ನ್ಯಾಯಾಲಯಗಳು ಮತ್ತು ದುರ್ಬಲರ ರಕ್ಷಣೆ: ಪುಣೆಯ ನಿದರ್ಶನಗಳು

ತನ್ನ ಪರವಾಗಿ ತಾನೇ ಮಾತನಾಡಲು ಆಗದವರಿಗೆ, ಮಾತನಾಡಿದರೂ ಕೇಳಿಸಿಕೊಳ್ಳುವವರಿಲ್ಲದವರಿಗೆ ನ್ಯಾಯಾಲಯವೇ ಕಾವಲು ನಿಲ್ಲಬೇಕೆಂಬುದು ಇಂದಿನ ನ್ಯಾಯಪದ್ಧತಿಯಲ್ಲಿ ಎಲ್ಲರೂ ಒಪ್ಪಿರುವ ತತ್ತ್ವ. ಮಕ್ಕಳು, ಮನೋರೋಗಿಗಳು, ಅಂಗವಿಕಲರು, ಸೆರೆಯಲ್ಲಿರುವವರು, ಬಿಟ್ಟಿ ದುಡಿಮೆಗೆ ಸಿಕ್ಕಿಬಿದ್ದವರು, ವಿಪತ್ತಿನಲ್ಲಿ ಎಲ್ಲವನ್ನೂ ಕಳೆದುಕೊಂಡವರು ಈ ಗುಂಪಿಗೆ ಸೇರುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮು ಇಂಥವರ ಪಟ್ಟಿಯನ್ನೇ ಕೊಟ್ಟು, ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವುದು ಅವರ ಹಕ್ಕು ಎನ್ನುತ್ತದೆ. ಆದರೆ ತತ್ತ್ವವನ್ನು ಒಪ್ಪಿದಷ್ಟು ಸಲೀಸಾಗಿ ಆಚರಣೆ ಬಂದಿಲ್ಲ. ನ್ಯಾಯಾಲಯ ತನ್ನ ಮುಂದಿಟ್ಟ ಕಾಗದವನ್ನು ಓದುತ್ತದೆ, ಮುಂದೆ ನಿಂತವರ ಮಾತು ಕೇಳುತ್ತದೆ. ದುರ್ಬಲರ ಕೈಯಲ್ಲಿ ಕಾಗದ ಇರುವುದಿಲ್ಲ, ಕಟಕಟೆಯ ಮುಂದೆ ನಿಂತು ಹೇಳುವ ಧೈರ್ಯವೂ ಇರುವುದಿಲ್ಲ. ಹಾಗಾಗಿ ಬಲಿಷ್ಠ, ದುರ್ಬಲ ಇಬ್ಬರನ್ನೂ ಸಮಾನವಾಗಿ ಕಂಡ ನ್ಯಾಯಾಲಯವೇ ಎಷ್ಟೋ ಸಲ ಬಲಿಷ್ಠನ ಕೈಯ ಆಯುಧವಾಗಿದೆ. ದುರ್ಬಲರಿಗೆ ರಕ್ಷಣೆ ಸಿಗುವುದು ನ್ಯಾಯಾಧೀಶರ ಕರುಣೆಯಿಂದಲ್ಲ. ಯಾರೂ ಕೇಳದಿದ್ದರೂ ಕಾಗದದ ಹಿಂದಿನ ಸತ್ಯವನ್ನು ಕೆದಕಿ ನೋಡಲೇಬೇಕೆಂಬ ಹೊಣೆಯನ್ನು ಕಾನೂನು ನ್ಯಾಯಾಲಯದ ಮೇಲೆ ಹೊರಿಸಿದಾಗ. ಈ ಮಾತಿಗೆ ಪುಣೆಯಷ್ಟು ಸ್ಪಷ್ಟವಾದ ಸಾಕ್ಷ್ಯ ಒದಗಿಸುವ ಊರು ಭಾರತದಲ್ಲಿ ವಿರಳ. ಒಂದೂವರೆ ಶತಮಾನದ ಅವಧಿಯಲ್ಲಿ ನ್ಯಾಯಾಲಯ ಕೆದಕಿ ನೋಡಿದ್ದರ ಫಲ, ನೋಡದೆ ಬಿಟ್ಟದ್ದರ ಫಲ ಎರಡೂ ಇಲ್ಲಿ ದಾಖಲಾಗಿವೆ.

ಮೊದಲ ಪಾಠ ಬಂದದ್ದು ರೈತರಿಂದ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯ ಊರಿನಲ್ಲಿ ಸುತ್ತಲಿನ ಹಳ್ಳಿಗಳ ರೈತರು ಗುಂಪುಗೂಡಿ ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು, ಲೆಕ್ಕದ ಖಾತೆಗಳನ್ನು. ಸಿಕ್ಕವನ್ನು ಬೀದಿಗೆ ತಂದು ಸುಟ್ಟರು. ಪತ್ರ ಒಪ್ಪಿಸಿದ ಸಾಹುಕಾರನನ್ನು ಬಹುಮಟ್ಟಿಗೆ ಮುಟ್ಟಲಿಲ್ಲ; ಇಡೀ ಗಲಭೆಯಲ್ಲಿ ಪ್ರಾಣಹಾನಿ ತೀರಾ ಕಡಿಮೆ. ಪುಣೆಯಿಂದ ಅಹಮದ್‌ನಗರ ಜಿಲ್ಲೆಗೂ ಹಬ್ಬಿದ ಈ ಘಟನೆಯನ್ನು ಇತಿಹಾಸದಲ್ಲಿ ದಖ್ಖನ್ ದಂಗೆ ಎಂದು ಕರೆಯುತ್ತಾರೆ. ರೈತರ ಸಿಟ್ಟು ಕಾಗದದ ಮೇಲೆ ತಿರುಗಿದ್ದಕ್ಕೆ ಕಾರಣವಿತ್ತು. ಆ ಕಾಗದಕ್ಕೆ ಜೀವ ಬರುತ್ತಿದ್ದುದು ಮುನ್ಸೀಫ್ ಕೋರ್ಟಿನಲ್ಲಿ. ಹಳೆಯ ಕಾಲದಲ್ಲಿ ಸಾಹುಕಾರ ಊರಿನ ಹಿರಿಯರ ಮಾತಿಗೆ ಸ್ವಲ್ಪವಾದರೂ ಬೆಲೆ ಕೊಡಬೇಕಿತ್ತು. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ಕಟ್ಟಳೆಯೂ ಇತ್ತು. ಬ್ರಿಟಿಷರ ಸಿವಿಲ್ ಕೋರ್ಟು ಬಂದ ಮೇಲೆ ಪತ್ರದಲ್ಲಿ ಏನು ಬರೆದಿದೆಯೋ ಅದೇ ಸತ್ಯವಾಯಿತು.

ಆ ಸತ್ಯ ಹೇಗೆ ತಯಾರಾಗುತ್ತಿತ್ತೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1859ರ ಕಾಲಮಿತಿ ಕಾನೂನಿನ ಪ್ರಕಾರ ಸಾಲಪತ್ರಕ್ಕೆ ಮೂರು ವರ್ಷದ ಆಯುಷ್ಯ. ಬಡ್ಡಿ ಬೆಳೆಬೆಳೆದು ರೈತನನ್ನು ಮುಳುಗಿಸದಿರಲೆಂದು ಮಾಡಿದ ನಿಯಮವಿದು. ಸಾಹುಕಾರ ಇದನ್ನೇ ತಿರುಗಿಸಿದ. ಮೂರು ವರ್ಷ ಮುಗಿಯುವ ಮೊದಲು ಅಸಲಿಗೆ ಬಾಕಿ ಬಡ್ಡಿ ಸೇರಿಸಿ, ಇಡೀ ಮೊತ್ತವನ್ನು ಹೊಸ ಅಸಲೆಂದು ಕಾಣಿಸಿ, ಹೊಸ ಪತ್ರಕ್ಕೆ ರೈತನ ಹೆಬ್ಬೆಟ್ಟು ಒತ್ತಿಸಿಕೊಂಡ. ಕೊಟ್ಟ ಕಂತಿಗೆ ರಸೀದಿ ಇಲ್ಲ. ಪತ್ರ ಬರೆದವನು ಸಾಹುಕಾರನ ಗುಮಾಸ್ತ. ಹೆಬ್ಬೆಟ್ಟು ಒತ್ತಿದವನಿಗೆ ಓದು ಬಾರದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆ 1865ರ ನಂತರ ಕುಸಿಯಿತು, ಅದರ ಬೆನ್ನಿಗೇ ಸರಕಾರ ಕಂದಾಯ ಏರಿಸಿತು, ಸಾಲ ಕೊಡುತ್ತಿದ್ದವರು ಕೈ ಬಿಗಿಹಿಡಿದು ಕೋರ್ಟು ಹತ್ತಿದರು. ಸಮನ್ಸು ತಲುಪಿತೋ ಇಲ್ಲವೋ, ರೈತ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ. ಹಾಜರಾದರೂ ಅವನಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಹೆಬ್ಬೆಟ್ಟು ನಿನ್ನದೆ? ನನ್ನದು ಎಂದರೆ ಮೊಕದ್ದಮೆ ಮುಗಿಯಿತು. ನ್ಯಾಯಾಧೀಶ ಲಂಚ ತಿಂದಿರಬೇಕಿಲ್ಲ, ಕ್ರೂರಿಯಾಗಿರಬೇಕಿಲ್ಲ. ಕಾನೂನು ಹೇಳಿದಷ್ಟನ್ನು ಪ್ರಾಮಾಣಿಕವಾಗಿ ಮಾಡಿದರೂ ಹೊಲ ಹೋಗುತ್ತಿತ್ತು, ಸಾಲ ತೀರಿಸಲಾರದವನು ಸೆರೆಗೂ ಹೋಗಬೇಕಾಗುತ್ತಿತ್ತು.

ದಂಗೆಯ ವಿಚಾರಣೆಗೆ ನೇಮಿಸಿದ ಆಯೋಗದ ವರದಿ 1878ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಬಂತು. ಮರುವರ್ಷ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಲ್ಲಿ ಜಾರಿಯಾಯಿತು. ಕೋರ್ಟಿನ ನಡವಳಿಕೆಯನ್ನೇ ಬದಲಿಸಹೊರಟ ಕಾಯಿದೆ ಇದು. ಸಾಲದ ಮೊಕದ್ದಮೆಯಲ್ಲಿ ಕೋರ್ಟು ಪತ್ರವನ್ನಷ್ಟೇ ನೋಡಿ ಸುಮ್ಮನಾಗುವಂತಿಲ್ಲ. ವ್ಯವಹಾರ ಶುರುವಾದ ದಿನದಿಂದ ಎಷ್ಟು ಕೊಟ್ಟರು, ಎಷ್ಟು ತೀರಿತು ಎಂಬ ಪೂರ್ವೇತಿಹಾಸವನ್ನು ತಾನೇ ವಿಚಾರಿಸಬೇಕು. ಅಸಲನ್ನೂ ಬಡ್ಡಿಯನ್ನೂ ಬೇರೆಬೇರೆ ಲೆಕ್ಕ ಹಾಕಬೇಕು. ಹಣದ ಡಿಕ್ರಿಗಾಗಿ ಕೃಷಿಕನನ್ನು ಸೆರೆಗೆ ತಳ್ಳಬಾರದು. ಕೃಷಿಕ ಬರೆದುಕೊಡುವ ಪತ್ರ ಗ್ರಾಮದ ನೋಂದಣಿ ಅಧಿಕಾರಿಯ ಮುಂದೆ ಆಗಬೇಕು, ಕಂತಿಗೆ ರಸೀದಿ ಕೊಡಬೇಕು. ಕೆಳ ಕೋರ್ಟುಗಳು ಇದನ್ನೆಲ್ಲ ಪಾಲಿಸುತ್ತಿವೆಯೇ ಎಂದು ನೋಡಲು ವಿಶೇಷ ನ್ಯಾಯಾಧೀಶರ ಹುದ್ದೆ ಹುಟ್ಟಿತು. ಮಹಾದೇವ ಗೋವಿಂದ ರಾನಡೆ 1893ರಲ್ಲಿ ಮುಂಬಯಿ ಹೈಕೋರ್ಟಿಗೆ ಹೋಗುವ ಮುನ್ನ ವರ್ಷಗಟ್ಟಲೆ ಈ ಕಾಯಿದೆಯ ಕೆಲಸದಲ್ಲಿ ಊರೂರು ತಿರುಗಿ ದಾಖಲೆ ಪರಿಶೀಲಿಸಿದರು. ಕಾಯಿದೆ ಮುಂದೆ ಹಂತಹಂತವಾಗಿ ಮುಂಬಯಿ ಪ್ರಾಂತ್ಯದ ಇತರ ಜಿಲ್ಲೆಗಳಿಗೂ ಹಬ್ಬಿತು. ಅಂದು ಅದೇ ಪ್ರಾಂತ್ಯದಲ್ಲಿದ್ದ ಬಿಜಾಪುರ, ಧಾರವಾಡ, ಬೆಳಗಾವಿಯ ಕನ್ನಡ ರೈತರೂ ಅದರ ನೆರಳಿಗೆ ಬಂದರು.

ಈ ಕಾಯಿದೆಯ ವಿರುದ್ಧ ಅಂದೇ ಎದ್ದ ಆಕ್ಷೇಪ ಇಂದಿಗೂ ಬೇರೆಬೇರೆ ರೂಪದಲ್ಲಿ ಕೇಳಿಬರುತ್ತದೆ. ರಕ್ಷಣೆ ಕೊಟ್ಟಷ್ಟೂ ದುರ್ಬಲನ ಜೊತೆ ವ್ಯವಹರಿಸಲು ಜನ ಹಿಂಜರಿಯುತ್ತಾರೆ, ಕೊನೆಗೆ ಪೆಟ್ಟು ಬೀಳುವುದು ಅವನಿಗೇ ಎಂಬ ವಾದವದು. ಇದರಲ್ಲಿ ಹುರುಳಿಲ್ಲದೆ ಇಲ್ಲ. ಸಾಲ ಸಿಗುವುದು ಕಷ್ಟವಾಯಿತು. ಸಾಹುಕಾರರು ಅಡಮಾನದ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಹೊಲ ಮಾರಿದ್ದೆಂದು ಕಾಗದ ಹೇಳಿದರೆ ಸಾಲದ ಇತಿಹಾಸ ಕೇಳುವ ಪ್ರಶ್ನೆಯೇ ಏಳದು. ಈ ತಂತ್ರ ಗೊತ್ತಾದ ಮೇಲೆ ಕಾಯಿದೆಗೆ ತಿದ್ದುಪಡಿ ತಂದು, ಕ್ರಯದ ವೇಷದಲ್ಲಿರುವುದು ನಿಜಕ್ಕೂ ಅಡಮಾನವೇ ಎಂದು ಬಾಯಿಮಾತಿನ ಸಾಕ್ಷ್ಯದಿಂದಲೂ ತೋರಿಸಲು ಅವಕಾಶ ಕೊಡಬೇಕಾಯಿತು. ದಂಗೆಯ ಮಹತ್ವವನ್ನೇ ಉತ್ಪ್ರೇಕ್ಷಿಸಲಾಗಿದೆಯೆಂದು ನೀಲ್ ಚಾರ್ಲ್ಸ್‌ವರ್ತ್‌ರಂಥ ಇತಿಹಾಸಕಾರರು ವಾದಿಸಿದ್ದಾರೆ. ಆದರೂ ಆಕ್ಷೇಪದಿಂದ ಹೊರಡುವ ತೀರ್ಮಾನ ಬೇರೆ. ಸಾಲ ಕಡಿಮೆಯಾದದ್ದಕ್ಕೆ ಮದ್ದು ಸಹಕಾರಿ ಸಂಘ, ಬ್ಯಾಂಕು. ಸುಳ್ಳು ಲೆಕ್ಕಕ್ಕೆ ಕೋರ್ಟು ಮುದ್ರೆ ಒತ್ತುವುದನ್ನು ಮುಂದುವರಿಸುವುದಲ್ಲ. ಭಾರತದ ಕಾನೂನು ಈ ದಾರಿಯಿಂದ ಹಿಂದೆ ಸರಿದೂ ಇಲ್ಲ. ಅತಿಬಡ್ಡಿಯ ಸಾಲದ ವ್ಯವಹಾರವನ್ನು ಕೋರ್ಟು ಮತ್ತೆ ತೆರೆದು ನೋಡಬಹುದೆಂದು 1918ರ ಕಾಯಿದೆ ಹೇಳಿತು. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಇನ್ನೂ ಮುಂದೆ ಹೋಗಿ, ಇದು ಜೀತದ ಸಾಲ ಎಂದು ಜೀತದಾಳು ಹೇಳಿದರೆ ಅಲ್ಲವೆಂದು ಸಾಬೀತು ಮಾಡುವ ಹೊರೆಯನ್ನು ಸಾಲ ಕೊಟ್ಟವನ ತಲೆಗೆ ಕಟ್ಟಿತು. ಸುಪೆಯ ರೈತರು ಬೆಂಕಿಯಿಂದ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಗಳ ಸಾಲಿನಲ್ಲಿ ಇವೂ ನಿಲ್ಲುತ್ತವೆ.

ಸ್ವತಂತ್ರ ಭಾರತದ ಉನ್ನತ ನ್ಯಾಯಾಲಯಗಳು ಇದೇ ತತ್ತ್ವವನ್ನು ಸಾಲದಿಂದಾಚೆಗೆ ವಿಸ್ತರಿಸಿದ ಕಥೆ ಪರಿಚಿತವೇ. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳು, 1983ರ ಶೀಲಾ ಬರ್ಸೆ ಪ್ರಕರಣದಲ್ಲಿ ಮುಂಬಯಿಯ ಪೊಲೀಸ್ ಲಾಕಪ್ಪಿನ ಮಹಿಳೆಯರು, 1984ರ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಕಲ್ಲುಗಣಿಯ ಜೀತದಾಳುಗಳು ಸುಪ್ರೀಂ ಕೋರ್ಟಿನ ಕಣ್ಣಿಗೆ ಬಿದ್ದರು. ಬೇರೆಯವರು ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಳ್ಳುವುದು, ಸ್ಥಳಕ್ಕೆ ಆಯುಕ್ತರನ್ನು ಕಳಿಸಿ ವರದಿ ತರಿಸಿಕೊಳ್ಳುವುದು ಇವೆಲ್ಲ ಕೆದಕಿ ನೋಡುವ ಹೊಣೆಯ ಹೊಸ ಸಲಕರಣೆಗಳು. ಈ ತೀರ್ಪುಗಳನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅವುಗಳ ಬೆಳಕು ತಲುಪದೆ ಹೋದ ಜಾಗಗಳಲ್ಲಿ.

1994ರ ಫೆಬ್ರವರಿಯಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರಕಾರಿ ಆಶ್ರಯಧಾಮದಲ್ಲಿದ್ದ ಬುದ್ಧಿಮಾಂದ್ಯ ಯುವತಿಯರನ್ನು ನಗರದ ಸಸೂನ್ ಆಸ್ಪತ್ರೆಗೆ ಕರೆತಂದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಲಾಯಿತು. ರೋಗವೇನೂ ಇರಲಿಲ್ಲ. ಮುಟ್ಟಿನ ದಿನಗಳಲ್ಲಿ ಅವರಿಗೆ ತಮ್ಮ ಶುಚಿತ್ವ ನೋಡಿಕೊಳ್ಳಲು ಬರುವುದಿಲ್ಲ, ಸಿಬ್ಬಂದಿಗೆ ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದವು, ದೇಶದಾದ್ಯಂತ ಚರ್ಚೆಯಾಯಿತು, ಉಳಿದ ಶಸ್ತ್ರಚಿಕಿತ್ಸೆಗಳನ್ನು ಸರಕಾರ ತಡೆಯಿತು. ಪುಣೆಯ ಆರೋಗ್ಯ ಕಾರ್ಯಕರ್ತ ಡಾ. ಅನಂತ ಫಡಕೆ ಮತ್ತಿತರರು ಮುಂಬಯಿ ಹೈಕೋರ್ಟಿನ ಮೊರೆಹೋದರು. ಶಸ್ತ್ರಚಿಕಿತ್ಸೆಗೆ ಮುನ್ನ ನಿಲ್ಲಿಸಿ ಕೇಳುವ ಯಾವ ನ್ಯಾಯಪೀಠವೂ ದಾರಿಯಲ್ಲಿ ಇರಲಿಲ್ಲ ಎಂಬುದು ಇಲ್ಲಿ ಎದ್ದು ಕಾಣುವ ಸಂಗತಿ. ಧಾಮದ ಅಧಿಕಾರಿ ಪಾಲಕನ ಸ್ಥಾನದಲ್ಲಿದ್ದ. ಪಾಲಕ ಒಪ್ಪಿದ್ದರಿಂದ ವೈದ್ಯ ಕೈ ಹಾಕಿದ. ಯಾರ ಮೈಯೋ ಅವರನ್ನು ಕೇಳಲಿಲ್ಲ. ಸ್ಯಾನಿಟರಿ ಬಟ್ಟೆ, ನೀರು, ಒಬ್ಬ ಹೆಚ್ಚುವರಿ ಆಯಾ ಇಷ್ಟರಿಂದ ಬಗೆಹರಿಯುವ ತೊಂದರೆಗೆ ಕತ್ತರಿಯೇ ಉತ್ತರವಾದದ್ದು, ಕಾವಲಿಗಿರುವವರ ಅನುಕೂಲವನ್ನು ಕಾಯಿಸಿಕೊಳ್ಳುವವರ ಹಿತವೆಂದು ತಿಳಿದದ್ದರಿಂದ.

ನ್ಯಾಯಾಲಯಕ್ಕೆ ಹೋಗಿದ್ದರೆ ತಪ್ಪುತ್ತಿತ್ತೇ? ಹೋದರೂ ತಪ್ಪದೆ ಇರಬಹುದು ಎಂಬುದಕ್ಕೆ ಅಮೆರಿಕದ ಒಂದು ತೀರ್ಪು ಸಾಕ್ಷಿ. 1927ರ ಬಕ್ ವರ್ಸಸ್ ಬೆಲ್ ಪ್ರಕರಣದಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯನ್ನು ಬುದ್ಧಿಮಾಂದ್ಯಳೆಂದು ಹೇಳಿ ಸಂತಾನಹರಣ ಮಾಡುವುದಕ್ಕೆ ಅಲ್ಲಿನ ಸುಪ್ರೀಂ ಕೋರ್ಟು ಎಂಟಕ್ಕೆ ಒಂದು ಮತದಿಂದ ಒಪ್ಪಿಗೆ ಕೊಟ್ಟಿತು. ಆಕೆಯ ಪರ ನಿಂತ ವಕೀಲ, ಆಕೆಯನ್ನು ಇರಿಸಿದ್ದ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಹಿಂದೆ ಇದ್ದವನೇ. ಆಕೆಯ ಪರ ಒಂದೂ ಸಾಕ್ಷಿಯನ್ನು ಕರೆಸಲಿಲ್ಲ. ನ್ಯಾಯಪೀಠ ಕಾಗದವನ್ನು ನಂಬಿತು. ಪುಣೆಯ ರೈತನಿಗೆ ಹೆಬ್ಬೆಟ್ಟು ನಿನ್ನದೆ ಎಂದು ಕೇಳಿದ ಕೋರ್ಟಿಗೂ ಇದಕ್ಕೂ ಅಂತರ ಹೆಚ್ಚಿಲ್ಲ. ಹಾಗಾಗಿ ವಿಷಯ ನ್ಯಾಯಾಲಯದ ಮುಂದೆ ಬಂದರೆ ಸಾಕು ಎನ್ನುವುದು ಅರ್ಧ ಮಾತು. ದುರ್ಬಲರ ಪರ ನಿಜವಾಗಿ ವಾದಿಸುವವರಿದ್ದಾರೆಯೇ ಎಂದು ಪೀಠವೇ ಖಚಿತಪಡಿಸಿಕೊಳ್ಳಬೇಕು. ಭಾರತದ ಸುಪ್ರೀಂ ಕೋರ್ಟು 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ, ಚಂಡೀಗಢದ ಸರಕಾರಿ ಧಾಮದಲ್ಲಿದ್ದ ಬುದ್ಧಿಮಾಂದ್ಯ ಯುವತಿಯ ಗರ್ಭವನ್ನು ಆಕೆಯ ಒಪ್ಪಿಗೆಯಿಲ್ಲದೆ ತೆಗೆಯಕೂಡದೆಂದು ಹೇಳಿದ್ದು ಈ ದಿಕ್ಕಿನ ದೊಡ್ಡ ಹೆಜ್ಜೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಮಾನಸಿಕ ಅಸ್ವಾಸ್ಥ್ಯಕ್ಕೆ ಚಿಕಿತ್ಸೆಯ ಹೆಸರಿನಲ್ಲಿ ಸಂತಾನಹರಣ ಮಾಡುವುದನ್ನು ನಿಷೇಧಿಸಿದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಎರಡೂ ಆ ನಂತರ ಬಂದವು. ಎರಡನೆಯದು ಪ್ರತಿ ಪ್ರದೇಶಕ್ಕೂ ಒಂದು ಪುನರ್‌ಪರಿಶೀಲನಾ ಮಂಡಳಿ ಇರಬೇಕೆನ್ನುತ್ತದೆ. ಮಂಡಳಿಯ ಕೆಲಸವೇ ಕೇಳುವುದು: ಈ ರೋಗಿ ಇನ್ನೂ ಇಲ್ಲೇಕೆ ಇದ್ದಾನೆ?

ಆ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಿರಲಿಲ್ಲ. ಪುಣೆಯ ಯೆರವಾಡ, ಠಾಣೆ, ನಾಗಪುರ, ರತ್ನಾಗಿರಿಗಳಲ್ಲಿ ಮಹಾರಾಷ್ಟ್ರದ ನಾಲ್ಕು ಪ್ರಾದೇಶಿಕ ಮನೋರೋಗ ಆಸ್ಪತ್ರೆಗಳಿವೆ. ವಾಸಿಯಾದ ಮೇಲೂ ಮನೆಯವರು ಬಂದು ಕರೆದುಕೊಂಡು ಹೋಗದೆ ಹತ್ತು ವರ್ಷಕ್ಕೂ ಮೀರಿ ಅಲ್ಲೇ ಉಳಿದವರ ಸಂಗತಿಯನ್ನು ಮನೋವೈದ್ಯ ಡಾ. ಹರೀಶ್ ಶೆಟ್ಟಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಮುಂಬಯಿ ಹೈಕೋರ್ಟಿನ ಗಮನಕ್ಕೆ ತಂದರು. ರೋಗಿಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ಯಾರು ಹೊರಹೋಗಲು ಯೋಗ್ಯರೆಂದು ಪಟ್ಟಿ ಮಾಡಿಸುವುದು, ಕಾಯಿದೆ ಹೇಳಿದ ಮಂಡಳಿಗಳನ್ನು ಕೆಲಸಕ್ಕೆ ಹಚ್ಚುವುದು ಹೈಕೋರ್ಟಿನ ಒತ್ತಡದಿಂದ ಸಾಗಿತು. ಮಾನಸಿಕ ಆಸ್ಪತ್ರೆಯಲ್ಲಿ ಮರೆತುಹೋದ ಮನುಷ್ಯನಿಗೆ ಮೊಕದ್ದಮೆ ಇರುವುದಿಲ್ಲ, ತೀರ್ಪಿನ ದಿನಾಂಕ ಇರುವುದಿಲ್ಲ. ಅಪರಾಧಿಗಾದರೂ ಶಿಕ್ಷೆಗೊಂದು ಅವಧಿ ಉಂಟು.

ಇನ್ನು ಪುಣೆಯ ನ್ಯಾಯಾಲಯಗಳ ಇತಿಹಾಸದಲ್ಲೇ ಅತ್ಯಂತ ನೋವಿನ ಪ್ರಕರಣಕ್ಕೆ ಬರಬೇಕು. 1994ರ ಆಗಸ್ಟಿನಲ್ಲಿ ನಗರದ ಒಂದು ಮನೆಯಲ್ಲಿ ಐವರು ಮಹಿಳೆಯರು ಮತ್ತು ಇಬ್ಬರು ಮಕ್ಕಳ ಕೊಲೆಯಾಯಿತು. ಊರೇ ನಡುಗಿದ ಘೋರ ಕೃತ್ಯ ಅದು. ಆರೋಪಿಗಳಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಹುಡುಗನಿದ್ದ. ಬಾಲ ನ್ಯಾಯ ಕಾಯಿದೆ ಹೆಸರು ಪ್ರಕಟಿಸಬಾರದೆನ್ನುವುದರಿಂದ ಇಲ್ಲಿ ಹೆಸರು ಬೇಡ. 1998ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು, 1999ರಲ್ಲಿ ಹೈಕೋರ್ಟು ಅದನ್ನು ಕಾಯಂ ಮಾಡಿತು, 2000ದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮೂರು ಹಂತದ ನ್ಯಾಯಪೀಠಗಳಲ್ಲಿ ಯಾವುದೂ ಅವನ ವಯಸ್ಸನ್ನು ಬೇರಿನವರೆಗೆ ಕೆದಕಲಿಲ್ಲ. ವರ್ಷಗಳ ನಂತರ ಬಿಕಾನೇರ್ ಕಡೆಯ ಹಳ್ಳಿಯೊಂದರ ಸರಕಾರಿ ಶಾಲೆಯ ದಾಖಲೆ ಬೆಳಕಿಗೆ ಬಂತು. ಅದರಲ್ಲಿ ಹೆಸರು ಬೇರೆ ರೂಪದಲ್ಲಿತ್ತು. ಹುಟ್ಟಿದ ದಿನ 1982ರ ಫೆಬ್ರವರಿ 1. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರಾಜೆಕ್ಟ್ 39ಎ ತಂಡ ಅವನ ಪರ ನಿಂತಿತು. 2019ರಲ್ಲಿ ಸುಪ್ರೀಂ ಕೋರ್ಟು ಪುಣೆಯ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಿಗೆ ವಯಸ್ಸಿನ ವಿಚಾರಣೆ ಮಾಡಿ ವರದಿ ಕೊಡಲು ಹೇಳಿತು. ಕೊಲೆ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ ಎಂದು ವರದಿ ಬಂತು. 2023ರ ಮಾರ್ಚ್ 27ರಂದು ನ್ಯಾಯಮೂರ್ತಿಗಳಾದ ಕೆ. ಎಂ. ಜೋಸೆಫ್, ಅನಿರುದ್ಧ ಬೋಸ್, ಹೃಷಿಕೇಶ್ ರಾಯ್ ಅವರ ಪೀಠ ಅದನ್ನು ಒಪ್ಪಿ ಬಿಡುಗಡೆಗೆ ಆದೇಶಿಸಿತು. ಅಷ್ಟರಲ್ಲಿ ಅವನು 28 ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ. ಕಾನೂನಿನ ಪ್ರಕಾರ ಆ ವಯಸ್ಸಿನ ಬಾಲಕನನ್ನು ವಿಶೇಷ ಗೃಹದಲ್ಲಿ ಇಡಬಹುದಾದ ಗರಿಷ್ಠ ಅವಧಿ 3 ವರ್ಷ.

ಆಕ್ಷೇಪ ಸಹಜವಾಗಿ ಏಳುತ್ತದೆ. ವಯಸ್ಸಿನ ಮಾತನ್ನು ಆರೋಪಿಯೇ ಮೊದಲು ಎತ್ತಬೇಕಿತ್ತಲ್ಲವೆ? ನ್ಯಾಯಾಧೀಶ ಆರೋಪಿಯ ವಕೀಲನಲ್ಲ. ಅವನು ಒಂದು ಪಕ್ಷದ ಪರವಾಗಿ ಸಾಕ್ಷ್ಯ ಹುಡುಕಲು ಹೊರಟರೆ ನಿಷ್ಪಕ್ಷಪಾತ ಎಲ್ಲಿ ಉಳಿಯಿತು? ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಹಾಕಲಾಗದು, ಏಕೆಂದರೆ ಕೊಲೆಯಾದವರ ಮನೆಯವರಿಗೂ ನ್ಯಾಯಾಲಯದ ಮೇಲೆ ಅಷ್ಟೇ ಹಕ್ಕಿದೆ. ಆದರೆ ವಯಸ್ಸನ್ನು ವಿಚಾರಿಸುವುದು ಆರೋಪಿಗೆ ಮಾಡುವ ಉಪಕಾರವಲ್ಲ. ಎದುರಿಗಿರುವವನನ್ನು ವಿಚಾರಿಸುವ ಅಧಿಕಾರ ತನಗೆ ಇದೆಯೇ ಎಂಬುದು ಪ್ರತಿ ನ್ಯಾಯಾಲಯವೂ ಮೊದಲು ತೀರ್ಮಾನಿಸಿಕೊಳ್ಳಬೇಕಾದ ವಿಷಯ. ಬಾಲಕನನ್ನು ಸೆಷನ್ಸ್ ನ್ಯಾಯಾಲಯ ವಯಸ್ಕನಂತೆ ವಿಚಾರಿಸಿದರೆ ಇಡೀ ನಡವಳಿಯೇ ಬುನಾದಿಯಿಲ್ಲದ್ದಾಗುತ್ತದೆ; ಅದರಿಂದ ಸಂತ್ರಸ್ತರಿಗೂ ನ್ಯಾಯ ದಕ್ಕುವುದಿಲ್ಲ. ಸಂಸತ್ತು ಇದನ್ನರಿತೇ ವಯಸ್ಸಿನ ಪ್ರಶ್ನೆಯನ್ನು ಅಂತಿಮ ತೀರ್ಪಿನ ನಂತರವೂ ಯಾವ ಹಂತದಲ್ಲಾದರೂ ಎತ್ತಬಹುದೆಂದು 2006ರ ತಿದ್ದುಪಡಿಯಲ್ಲಿ ಹೇಳಿತು. 2015ರ ಕಾಯಿದೆ ಅದನ್ನು ಉಳಿಸಿಕೊಂಡಿದೆ. ಹನ್ನೆರಡು ವರ್ಷದ, ಊರು ಬಿಟ್ಟು ಬಂದ, ಮರಾಠಿ ಮಣ್ಣಿನ ಕೋರ್ಟಿನಲ್ಲಿ ನಿಂತ ಹುಡುಗ ತನ್ನ ಶಾಲೆಯ ದಾಖಲೆ ತರಿಸಿಕೊಡಿ ಎಂದು ತಾನೇ ಕೇಳಲಿ ಎನ್ನುವ ನಿಷ್ಪಕ್ಷಪಾತವೂ, ಓದು ಬಾರದ ರೈತ ತನ್ನ ಪತ್ರದ ತಪ್ಪನ್ನು ತಾನೇ ತೋರಿಸಲಿ ಎಂದ 1875ರ ನಿಷ್ಪಕ್ಷಪಾತವೂ ಒಂದೇ ಜಾತಿಯವು.

ಅದೇ ನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಐಷಾರಾಮಿ ಕಾರೊಂದು ಗುದ್ದಿ ಮಧ್ಯಪ್ರದೇಶದ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಚಾಲನೆ ಮಾಡುತ್ತಿದ್ದನೆಂಬ ಆರೋಪ ಹೊತ್ತ ಸಿರಿವಂತ ಮನೆಯ ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲ. ಬಾಲ ನ್ಯಾಯ ಮಂಡಳಿ ಗಂಟೆಗಳಲ್ಲೇ ಜಾಮೀನು ಕೊಟ್ಟು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತನ್ನೂ ಸೇರಿಸಿತು. ದೇಶವೇ ಕೆರಳಿತು. ಮಂಡಳಿ ಕೆಲವೇ ದಿನಗಳಲ್ಲಿ ಆದೇಶ ಬದಲಿಸಿ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಜೂನ್ 25ರಂದು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಭಾರತಿ ಡಾಂಗ್ರೆ ಮತ್ತು ಮಂಜೂಷಾ ದೇಶಪಾಂಡೆ, ಜಾಮೀನು ಜಾರಿಯಲ್ಲಿರುವಾಗಲೇ ವೀಕ್ಷಣಾಲಯದಲ್ಲಿ ಇರಿಸಿದ್ದು ಕಾನೂನುಬಾಹಿರವೆಂದು ಹೇಳಿ ಬಿಡುಗಡೆ ಮಾಡಿಸಿದರು. ಜನರ ಕೋಪಕ್ಕೆ ಅರ್ಥವಿತ್ತು. ಸತ್ತ ಇಬ್ಬರ ತಾಯ್ತಂದೆಯರ ಮುಂದೆ 300 ಪದಗಳ ಪ್ರಬಂಧ ಎಂಬ ಮಾತೇ ಗಾಯದ ಮೇಲಿನ ಬರೆ. ಆದರೂ ಹೈಕೋರ್ಟಿನ ಆದೇಶ ಸರಿಯೆಂದೇ ಹೇಳಬೇಕು. ಕಾನೂನಿನ ರಕ್ಷಣೆ ಹಣವಂತನಿಗೆ ಸಿಕ್ಕಿತೆಂದು ರಕ್ಷಣೆಯನ್ನೇ ಕಿತ್ತರೆ ಮುಂದಿನ ಸಲ ಅದು ಇಲ್ಲದೆ ಸೊರಗುವವನು ರಾಜಸ್ಥಾನದಿಂದಲೋ ಯಾದಗಿರಿಯಿಂದಲೋ ಬಂದ ಹುಡುಗ. ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಚುಚ್ಚುವ ಅಂಶ ಇದು: ಒಬ್ಬನ ವಯಸ್ಸು ಅದೇ ದಿನ ದಾಖಲಾಯಿತು, ಇನ್ನೊಬ್ಬನ ವಯಸ್ಸು ದಾಖಲಾಗಲು ಕಾಲು ಶತಮಾನ ಬೇಕಾಯಿತು. ಕಾನೂನಿನ ಅಕ್ಷರದಲ್ಲಿ ಇಲ್ಲದ ಅಂತರ ಇದು. ಮನೆಯವರು, ವಕೀಲರು, ಕಾಗದಪತ್ರ ಇರುವುದು ಇಲ್ಲದಿರುವುದರಿಂದ ಹುಟ್ಟಿದ್ದು. ಆ ಅಂತರವನ್ನು ತುಂಬಬಲ್ಲದ್ದು ಪೀಠ ತಾನಾಗಿ ಕೇಳುವ ಪ್ರಶ್ನೆ ಮಾತ್ರ.

ನ್ಯಾಯಾಲಯದ ಮೇಲೆ ಇಷ್ಟೊಂದು ಭಾರ ಹಾಕುವುದೇ ತಪ್ಪು, ದುರ್ಬಲರಿಗೆ ಬೇಕಾದದ್ದು ಸಂಘಟನೆ ಎನ್ನುವವರ ಮಾತಿಗೂ ಪುಣೆಯಲ್ಲೇ ಆಧಾರ ಇದೆ. ಬಾಬಾ ಆಢಾವ್ ಕಟ್ಟಿದ ಹಮಾಲ್ ಪಂಚಾಯತಿಯ ಬಳಿಕ 1993ರಲ್ಲಿ ಇಲ್ಲಿನ ಚಿಂದಿ ಆಯುವವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತಿ ಎಂಬ ಸಂಘ ಕಟ್ಟಿಕೊಂಡರು. ಬಹುಪಾಲು ದಲಿತ ಹೆಂಗಸರು. ಪಾಲಿಕೆಯಿಂದ ಗುರುತಿನ ಚೀಟಿ ಪಡೆದರು, ವೈದ್ಯಕೀಯ ವಿಮೆ ಗಳಿಸಿದರು, ಮುಂದೆ ಸ್ವಚ್ಛ್ ಎಂಬ ತಮ್ಮದೇ ಸಹಕಾರ ಸಂಸ್ಥೆಯ ಮೂಲಕ ಮನೆಮನೆಯ ಕಸ ಸಂಗ್ರಹದ ಕೆಲಸವನ್ನೇ ವಹಿಸಿಕೊಂಡರು. ಯಾವ ತೀರ್ಪೂ ಇದನ್ನು ಕೊಟ್ಟಿರಲಿಲ್ಲ. ಸಂಘ ಕಟ್ಟಲು ಆಗುವವರಿಗೆ ಸಂಘವೇ ಉತ್ತಮ ಎಂಬುದನ್ನು ಒಪ್ಪದೆ ಇರಲಾಗದು. ಆದರೆ ಶಿರೂರಿನ ಯುವತಿಯರು, ಯೆರವಾಡದ ಹಳೆಯ ರೋಗಿಗಳು, ಗಲ್ಲಿನ ಕೋಣೆಯ ಹುಡುಗ ಸಂಘ ಕಟ್ಟಲಾರರು. ನ್ಯಾಯಾಲಯದ ವಿಶೇಷ ಹೊಣೆ ಇರುವುದು ಇಂಥವರ ವಿಷಯದಲ್ಲಿ.

ಈ ಎರಡು ತುದಿಗಳ ನಡುವೆ ನಿಂತವರು ಊರು ಬಿಟ್ಟು ಬಂದ ಕೂಲಿಕಾರರು. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬರುವ ಕನ್ನಡ ಕುಟುಂಬಗಳು ಅನೇಕ. 2020ರ ಲಾಕ್‌ಡೌನಿನಲ್ಲಿ ಇಂಥವರು ರಸ್ತೆಗೆ ಬಿದ್ದಾಗ ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡದ್ದು ಮೇ 26ರಂದು, ಅಂದರೆ ಜನ ನಡೆಯತೊಡಗಿ ಎರಡು ತಿಂಗಳಾದ ಮೇಲೆ. 2021ರ ಜೂನ್ 29ರ ತೀರ್ಪಿನಲ್ಲಿ ಪಡಿತರ ಚೀಟಿ ಎಲ್ಲಿಗೆ ಹೋದರೂ ನಡೆಯುವಂತೆ ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ವ್ಯವಸ್ಥೆ ಮಾಡಬೇಕೆಂದು ಆದೇಶಿಸಿತು. ತಡವಾಗಿ ಬಂದರೂ ಉಪಯೋಗವಿದ್ದ ಆದೇಶ. ದಿನನಿತ್ಯದ ತೊಡಕು ಮಾತ್ರ ಇದಕ್ಕಿಂತ ಸಣ್ಣದು, ಇದಕ್ಕಿಂತ ಹಠಮಾರಿ. ಪುಣೆಯ ಕೆಳ ನ್ಯಾಯಾಲಯಗಳ ಭಾಷೆ ಮರಾಠಿ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನ ಭಾಷೆಯಲ್ಲಿ ಹೇಳಬೇಕೆಂದು ಕ್ರಿಮಿನಲ್ ಕಾರ್ಯವಿಧಾನ ಹೇಳುತ್ತದೆ. ಆದರೆ ಮೊಕದ್ದಮೆಯ ಗತಿ ಬಹಳಷ್ಟು ಸಲ ಸಾಕ್ಷ್ಯದ ಹಂತಕ್ಕೆ ಮೊದಲೇ, ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಯಲ್ಲಿ, ರಿಮಾಂಡಿನ ದಿನದ ಒಂದೆರಡು ಪ್ರಶ್ನೆಗಳಲ್ಲಿ ತೀರ್ಮಾನವಾಗಿಬಿಡುತ್ತದೆ.

ಜಾಮೀನಿನದೂ ಇದೇ ಪಾಡು. 1978ರ ಮೋತಿ ರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಜಾಮೀನುದಾರನನ್ನು ಮ್ಯಾಜಿಸ್ಟ್ರೇಟರು ಒಪ್ಪದಿದ್ದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದನ್ನು ರದ್ದುಮಾಡಿದರು. ಕನ್ನಡಿಗನೋ ತಮಿಳನೋ ದೂರದ ಊರಿನಲ್ಲಿ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂದು ಅವರು ಆ ತೀರ್ಪಿನಲ್ಲಿ ಕೇಳಿದ್ದರು. ನಾಲ್ಕೂವರೆ ದಶಕದ ನಂತರ, 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಅದೇ ಮಾತು ಹೇಳಬೇಕಾಯಿತು: ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಠ ಬಿಡುಗಡೆಯನ್ನು ತಡೆಯುತ್ತಿದ್ದರೆ ಆ ಷರತ್ತನ್ನು ಹಾಕದೆ ಇರಬಹುದು, ಜಾಮೀನು ಸಿಕ್ಕ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಗಲ್ಲಿನ ಶಿಕ್ಷೆಯ ವಿಷಯದಲ್ಲಿ 2022ರ ಮನೋಜ್ ಪ್ರಕರಣದ ತೀರ್ಪು ಇನ್ನೂ ಕಟ್ಟುನಿಟ್ಟು. ಆರೋಪಿಯ ವಯಸ್ಸು, ಬಾಲ್ಯ, ಮನೆಯ ಸ್ಥಿತಿ, ಮಾನಸಿಕ ಆರೋಗ್ಯದ ವಿವರವನ್ನು ವಿಚಾರಣಾ ನ್ಯಾಯಾಲಯ ಸರಕಾರದಿಂದಲೇ ತರಿಸಿಕೊಂಡು ನೋಡಬೇಕೆಂದು ಅದು ವಿಧಿಸಿದೆ. ಹಾಗೆ ಕಡ್ಡಾಯವಾಗಿ ಕೆದಕಿ ನೋಡುವ ಹೊಣೆ ಸದ್ಯ ಇರುವುದು ಮರಣದಂಡನೆ ಸಾಧ್ಯವಿರುವ ಮೊಕದ್ದಮೆಗಳಲ್ಲಿ. ಪುಣೆಯ ಶಿವಾಜಿನಗರದ ನ್ಯಾಯಾಲಯದಲ್ಲಿ ಸಣ್ಣ ಕಳ್ಳತನದ ಆರೋಪ ಹೊತ್ತು ನಿಲ್ಲುವ ಕೂಲಿಯವನಿಗೆ ನಿನ್ನ ಊರು ಯಾವುದು, ವಯಸ್ಸೆಷ್ಟು, ಮರಾಠಿ ಬರುತ್ತದೆಯೇ, ಜಾಮೀನು ಕೊಡುವವರಿದ್ದಾರೆಯೇ ಎಂದು ಮೊದಲ ದಿನವೇ ಕೇಳಿ ಉತ್ತರವನ್ನು ದಾಖಲಿಸುವುದು ಇನ್ನೂ ಆಯಾ ನ್ಯಾಯಾಧೀಶರ ಇಚ್ಛೆಗೆ ಬಿಟ್ಟ ಸಂಗತಿಯಾಗಿಯೇ ಉಳಿದಿದೆ.